ಕಸುಬಿನ ಚಿತ್ರ, ಕಡಲಾಚೆಯ ಗಿರಾಕಿ: ಕ್ಯಾಂಟನ್ನಿನಿಂದ ಮೈಸೂರು ಸೀಮೆಯವರೆಗೆ

ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಿಂದ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಏಷ್ಯಾದ ಹಲವು ಬಂದರುಗಳಲ್ಲಿಯೂ ಒಳನಾಡಿನ ದಂಡುಪೇಟೆಗಳಲ್ಲಿಯೂ ಒಂದೇ ಬಗೆಯ ಚಿತ್ರಗಳು ಹೇರಳವಾಗಿ ತಯಾರಾಗಿ ಮಾರಾಟವಾದವು. ಹಾಳೆಯ ನಡುವೆ ಒಬ್ಬ ಕಸುಬುದಾರ, ಅವನ ಕೈಯಲ್ಲೋ ಹೆಗಲ ಮೇಲೋ ಕಸುಬಿನ ಗುರುತಾದ ಒಂದು ಸಲಕರಣೆ, ಕಾಲಡಿಯಲ್ಲಿ ಒಂದಿಷ್ಟು ನೆಲ, ಹಿನ್ನೆಲೆಯಲ್ಲಿ ಬಹುತೇಕ ಏನೂ ಇಲ್ಲ; ಕೆಳಗೆ ಅವನ ಹೆಸರಿನ ಬದಲು ಕಸುಬಿನ ಅಥವಾ ಜಾತಿಯ ಹೆಸರು. ಇಂಥ ಹಾಳೆಗಳು ಬಿಡಿಯಾಗಿ ಮಾರಾಟವಾಗುತ್ತಿದ್ದುದು ಕಡಿಮೆ. ಹನ್ನೆರಡು, ಅರವತ್ತು, ನೂರು ಎಂದು ಲೆಕ್ಕ ಕಟ್ಟಿ, ಹೊಲಿದು, ರೇಷ್ಮೆಯ ರಟ್ಟು ಹಾಕಿ ಕೊಡುತ್ತಿದ್ದರು. ಕೊಳ್ಳುತ್ತಿದ್ದವರು ಬಹುಮಟ್ಟಿಗೆ ಯುರೋಪಿನ ಹಡಗುವ್ಯಾಪಾರಿಗಳು, ಸೈನ್ಯಾಧಿಕಾರಿಗಳು, ಪಾದ್ರಿಗಳು ಮತ್ತು ಅವರ ಮನೆಯವರು. ಚೀನಾದಲ್ಲಿ ಇದರ ದೊಡ್ಡ ಕೇಂದ್ರ ಕ್ಯಾಂಟನ್, ಎಂದರೆ ಇಂದಿನ ಗುವಾಂಗ್‌ಝೌ. ದಕ್ಷಿಣ ಭಾರತದಲ್ಲಿ ತಂಜಾವೂರು, ತಿರುಚಿರಾಪಳ್ಳಿ, ಮದರಾಸು, ವೆಲ್ಲೂರುಗಳಲ್ಲಿ ಇದೇ ಮಾದರಿ ಬೆಳೆಯಿತು. ಕಲೆಯ ಚರಿತ್ರೆಕಾರರು ಅದನ್ನು ಕಂಪನಿ ಶೈಲಿ ಎಂದು ಕರೆದರು, ಏಕೆಂದರೆ ಗಿರಾಕಿಗಳಲ್ಲಿ ಹೆಚ್ಚಿನವರು ಈಸ್ಟ್ ಇಂಡಿಯಾ ಕಂಪನಿಯ ನೌಕರರಾಗಿದ್ದರು. ಮೈಸೂರು ಸೀಮೆ ಈ ನಕ್ಷೆಯಲ್ಲಿ ಕೊಂಚ ಬೇರೆಯಾದ ದಾರಿಯಿಂದ, ಅಂಗಡಿಯ ಬದಲು ಮೋಜಣಿಯ ಮೂಲಕ, ಬಂದು ಸೇರುತ್ತದೆ. ಆ ವ್ಯತ್ಯಾಸ ತಿಳಿಯಬೇಕಾದರೆ ಮೊದಲು ಕ್ಯಾಂಟನ್ನನ್ನು ನೋಡಬೇಕಾಗುತ್ತದೆ.

1757ರಲ್ಲಿ ಚೀನಾದ ಚಕ್ರವರ್ತಿ ಚಿಯೆನ್‌ಲುಂಗ್ ಪಶ್ಚಿಮದ ವ್ಯಾಪಾರವನ್ನೆಲ್ಲ ಕ್ಯಾಂಟನ್ ಒಂದಕ್ಕೇ ಸೀಮಿತಗೊಳಿಸಿದನು, ಮತ್ತು 1842ರ ನಾನ್‌ಕಿಂಗ್ ಒಪ್ಪಂದದವರೆಗೂ ಈ ಕಟ್ಟು ಮುಂದುವರಿಯಿತು. ಪರದೇಶಿಗಳು ನಗರದ ಕೋಟೆಯೊಳಗೆ ಕಾಲಿಡುವಂತಿರಲಿಲ್ಲ. ನದಿಯ ದಡದಲ್ಲಿ ಸಾಲಾಗಿ ನಿಂತಿದ್ದ ಹದಿಮೂರು ಕೋಠಿಗಳಲ್ಲಿ, ವ್ಯಾಪಾರದ ಹಂಗಾಮಿನಲ್ಲಿ ಮಾತ್ರ, ಹೆಂಗಸರನ್ನು ಕರೆತರದೆ ವಾಸಿಸಬೇಕಾಗಿತ್ತು. ಹೀಗೆ ಕೆಲವೇ ಬೀದಿಗಳ ಒಳಗೆ ಕಟ್ಟಿಹಾಕಿಕೊಂಡವನಿಗೆ ಚೀನಾ ಎಂದರೆ ಕೋಠಿಯ ಬಾಗಿಲ ಮುಂದೆ ಹಾದುಹೋಗುವ ಹೊರೆಯಾಳು, ಕ್ಷೌರಿಕ, ಹಾವಾಡಿಗ, ಪುಸ್ತಕ ಮಾರುವವ, ದೀಪದ ಬುರುಡೆಗೆ ಬಣ್ಣ ಬಳಿಯುವವ. ಆ ಕೋಠಿಗಳ ಪಕ್ಕದ ಬೀದಿಗಳಲ್ಲಿಯೇ ಚಿತ್ರಗಾರರ ಅಂಗಡಿಗಳೂ ಇದ್ದವು. ಕಂಡದ್ದನ್ನು ಮನೆಗೆ ಒಯ್ಯುವ ಆಸೆ ಗಿರಾಕಿಯಲ್ಲಿ ಹುಟ್ಟುವ ಮೊದಲೇ ಅಂಗಡಿಯವನು ಅದನ್ನು ಹಾಳೆಗಿಳಿಸಿ ಇಟ್ಟಿರುತ್ತಿದ್ದನು.

ಈ ಚಿತ್ರಗಳಲ್ಲಿ ಮೊದಲು ಯುರೋಪಿನಲ್ಲಿ ಅಚ್ಚಾಗಿ ಹೆಸರುಪಡೆದದ್ದು ಪು ಕ್ವಾ ಎಂಬ ಕ್ಯಾಂಟನ್ನಿನ ಚಿತ್ರಗಾರನ ಮಾಲೆ. ಅದರ ಕತೆಗೆ ದಕ್ಷಿಣ ಭಾರತದ ನಂಟೂ ಇದೆ. ಮದರಾಸಿನಲ್ಲಿದ್ದ ಜಾರ್ಜ್ ಹೆನ್ರಿ ಮೇಸನ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ಆರೋಗ್ಯ ಕೆಟ್ಟು, ಹವೆ ಬದಲಾವಣೆಗೆಂದು ರಜೆ ಪಡೆದು ಕ್ಯಾಂಟನ್ನಿಗೆ ಹೋಗಿದ್ದಾಗ ಈ ಚಿತ್ರಗಳನ್ನು ಸಂಪಾದಿಸಿದನು. 1800ರಲ್ಲಿ ಅವುಗಳಲ್ಲಿ ಅರವತ್ತನ್ನು ತಾಮ್ರದ ಫಲಕಗಳ ಮೇಲೆ ಕೊರೆಸಿ, ಬಣ್ಣ ತುಂಬಿಸಿ, ಇಂಗ್ಲಿಷ್ ಮತ್ತು ಫ್ರೆಂಚ್ ವಿವರಣೆಗಳೊಡನೆ ಲಂಡನ್ನಿನಲ್ಲಿ ಪ್ರಕಟಿಸಿದನು. ಮರುವರ್ಷವೇ ಚೀನಾದ ಶಿಕ್ಷೆಗಳ ಕುರಿತು ಅದೇ ರೂಪದ ಇನ್ನೊಂದು ಪುಸ್ತಕ ಹೊರಬಂತು. ಕ್ಷೌರಿಕನನ್ನೂ ಕಮ್ಮಾರನನ್ನೂ ನೋಡಿ ಮೆಚ್ಚಿದ ಓದುಗ ಅದೇ ಕುತೂಹಲದಿಂದ ಚಾವಟಿಯ ಏಟನ್ನೂ ನೋಡಲು ಹಣ ಕೊಟ್ಟನೆಂಬ ಸಂಗತಿ, ಈ ಬಗೆಯ ಚಿತ್ರಗಳಿಗಿದ್ದ ಬೇಡಿಕೆ ಎಂಥದೆಂಬುದನ್ನು ಯಾವ ವ್ಯಾಖ್ಯಾನಕ್ಕಿಂತಲೂ ಚೆನ್ನಾಗಿ ಹೇಳುತ್ತದೆ.

ಚಿತ್ರಶಾಲೆಗಳ ಕೆಲಸ ಒಬ್ಬನ ಕೈಚಳಕವಾಗಿರಲಿಲ್ಲ. ಕ್ಯಾಂಟನ್ನಿನ ಹೆಸರಾಂತ ಚಿತ್ರಗಾರರಾದ ಲಾಮ್‌ಕ್ವಾ ಮತ್ತು ಅವನ ತಮ್ಮ ಟಿಂಗ್‌ಕ್ವಾ ಇವರ ಅಂಗಡಿಗಳ ಕುರಿತು ಯುರೋಪಿನವರು ಬರೆದಿಟ್ಟ ವರ್ಣನೆಗಳಿವೆ. ಅಟ್ಟದ ಮೇಲೆ ಸಾಲಾಗಿ ಕುಳಿತ ಕೆಲಸಗಾರರು ಅಂಗಿಯ ತೋಳು ಮಡಿಚಿ, ಜಡೆಯನ್ನು ಕೊರಳಿಗೆ ಸುತ್ತಿಕೊಂಡು, ಒಂದೇ ಆಕೃತಿಯನ್ನು ಮತ್ತೆ ಮತ್ತೆ ತೆಗೆಯುತ್ತಿದ್ದರು. ಬಾಹ್ಯರೇಖೆ ಮೊದಲೇ ಸಿದ್ಧವಿರುತ್ತಿತ್ತು; ಒಬ್ಬನು ಮುಖ ತುಂಬಿದರೆ ಇನ್ನೊಬ್ಬನು ಬಟ್ಟೆಗೆ ಬಣ್ಣ ಹಾಕುತ್ತಿದ್ದನು. ಇವರ ಹೆಸರುಗಳ ಕೊನೆಯಲ್ಲಿ ಬರುವ ‘ಕ್ವಾ’ ಎಂಬುದು ಪರದೇಶಿಗಳ ಜೊತೆ ವ್ಯವಹರಿಸುವಾಗ ಇಟ್ಟುಕೊಂಡ ಗೌರವದ ಬಾಲ, ಅಂಗಡಿಯ ಫಲಕದ ಹೆಸರು. ಲಾಮ್‌ಕ್ವಾನ ಮನೆಯ ಹೆಸರು ಗುವಾನ್ ಚಿಯಾವ್‌ಚಾಂಗ್. ಹತ್ತೊಂಬತ್ತನೆಯ ಶತಮಾನದ ಎರಡು ಮೂರನೆಯ ದಶಕಗಳಿಂದ ಈ ಚಿತ್ರಗಳಿಗೆ ಅಗ್ಗದ ಹೊಸ ನೆಲೆ ಸಿಕ್ಕಿತು: ಒಂದು ಬಗೆಯ ಗಿಡದ ಕಾಂಡದೊಳಗಿನ ಬೆಂಡನ್ನು ಹರಿತವಾದ ಕತ್ತಿಯಿಂದ ಸುರುಳಿ ಸುರುಳಿಯಾಗಿ ತೆಳ್ಳಗೆ ಹೆರೆದು, ಚಪ್ಪಟೆಯಾಗಿ ಒತ್ತಿ ಮಾಡಿದ ಹಾಳೆ. ಯುರೋಪಿನವರು ಇದನ್ನು ಅಕ್ಕಿಯ ಕಾಗದವೆಂದು ತಪ್ಪು ತಿಳಿದಿದ್ದರು. ಅದರ ಮೇಲೆ ಬಣ್ಣ ಹೀರಿಹೋಗದೆ ಉಬ್ಬಿ ನಿಂತು ಮಕಮಲ್ಲಿನ ಹೊಳಪು ಕೊಡುತ್ತಿತ್ತು, ಆದರೆ ಹಾಳೆ ಮಡಿಚಿದರೆ ಒಡೆಯುತ್ತಿತ್ತು; ಆದ್ದರಿಂದ ಚಿತ್ರಗಳು ಅಂಗೈಯಗಲದವಾಗಿ, ಹನ್ನೆರಡರ ಕಟ್ಟುಗಳಾಗಿ ಹಡಗೇರಿದವು.

ಕಸುಬುಗಳನ್ನು ಚಿತ್ರಿಸುವ ಸಂಪ್ರದಾಯ ಚೀನಾಕ್ಕೆ ಹೊಸತೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಚಾಂಗ್ ತ್ಸೆತುವಾನ್ ಬರೆದನೆನ್ನಲಾದ ಉದ್ದ ಸುರುಳಿಚಿತ್ರದಲ್ಲಿ ನದಿತೀರದ ಒಂದಿಡೀ ಪಟ್ಟಣ, ಅದರ ಅಂಗಡಿ, ಗಾಡಿ, ದೋಣಿ, ಹೊರೆಯಾಳುಗಳೊಡನೆ ಬರುತ್ತದೆ. 1696ರಲ್ಲಿ ಕಾಂಗ್‌ಷಿ ಚಕ್ರವರ್ತಿಯ ಆಶ್ರಯದಲ್ಲಿ ಅಚ್ಚಾದ ಉಳುಮೆ ಮತ್ತು ನೇಯ್ಗೆಯ ಚಿತ್ರಗಳು ಭತ್ತದ ಬೀಜ ನೆನೆಹಾಕುವುದರಿಂದ ಹಿಡಿದು ರೇಷ್ಮೆಯ ಬಟ್ಟೆಯವರೆಗೆ ಕೆಲಸದ ಒಂದೊಂದು ಹಂತವನ್ನೂ ಕ್ರಮವಾಗಿ ತೋರಿಸುತ್ತವೆ. ಆದರೆ ಈ ಹಳೆಯ ಚಿತ್ರಗಳಲ್ಲಿ ಕೆಲಸಕ್ಕೆ ಒಂದು ಜಾಗವಿತ್ತು, ಹಿಂದುಮುಂದುಗಳಿದ್ದವು, ಜೊತೆಗಾರರಿದ್ದರು. ಒಬ್ಬನನ್ನು ಅವನ ಬೀದಿಯಿಂದ ಕತ್ತರಿಸಿ ತೆಗೆದು ಬರಿಯ ಹಾಳೆಯ ಮೇಲೆ ನಿಲ್ಲಿಸುವ ರೂಢಿ ಯುರೋಪಿನಿಂದ ಬಂದುದೆನ್ನಬೇಕು. ಪ್ಯಾರಿಸ್, ಬೊಲೊನ್ಯಾ, ಲಂಡನ್ ಪಟ್ಟಣಗಳಲ್ಲಿ ಬೀದಿಯಲ್ಲಿ ಕೂಗಿ ಮಾರುವವರ ಅಚ್ಚುಚಿತ್ರಗಳು ಹದಿನಾರು ಮತ್ತು ಹದಿನೇಳನೆಯ ಶತಮಾನಗಳಿಂದಲೇ ಬಳಕೆಯಲ್ಲಿದ್ದವು. 1687ರಲ್ಲಿ ಮಾರ್ಸೆಲಸ್ ಲಾರೂನನ ಲಂಡನ್ ಕೂಗಾಟಗಾರರ ಮಾಲೆ ಬಂತು. ಕ್ಯಾಂಟನ್ನಿಗೆ ಬಂದ ಗಿರಾಕಿ ತನ್ನ ಊರಿನಲ್ಲಿ ಕಂಡಿದ್ದ ಅದೇ ರೂಪವನ್ನು ಬೇರೆ ಉಡುಪಿನಲ್ಲಿ ಕೇಳಿದನು, ಅಂಗಡಿಯವನು ಅದನ್ನು ಬೇಗ ಕಲಿತುಕೊಂಡನು. ಅಲ್ಲಿಗೆ ಚಿತ್ರಗಾರನ ಸ್ವಂತ ಸಂಪ್ರದಾಯ ಪೂರ್ತಿ ಅಳಿಯಿತೆಂದಲ್ಲ. ನುಣುಪಾದ ರೇಖೆ, ಬಟ್ಟೆಯ ಮಡಿಕೆ, ಸಲಕರಣೆಯ ಕಣ್ಣಳತೆ ಎಲ್ಲವೂ ಅವನವೇ.

ದಕ್ಷಿಣ ಭಾರತದಲ್ಲಿ ಇಂಥ ಮಾಲೆಗಳು ತಂಜಾವೂರಿನಲ್ಲಿ 1770ರ ದಶಕದಿಂದ ಕಾಣಸಿಗುತ್ತವೆ. ಅವನ್ನು ಬರೆದವರನ್ನು ಇಂಗ್ಲಿಷರು ಮೂಚಿಗಳೆಂದು ಕರೆದರು. ತೊಗಲಿನ ಜೀನು, ಖಡ್ಗದ ಒರೆ, ಚಿತ್ರ, ಗಿಲೀಟು ಎಲ್ಲವನ್ನೂ ಮಾಡುತ್ತಿದ್ದ, ಬಹುಮಟ್ಟಿಗೆ ತೆಲುಗು ಸೀಮೆಯಿಂದ ಬಂದು ನೆಲೆಸಿದ ಕುಶಲಕರ್ಮಿಗಳಿವರು. ಮೈಸೂರು ಸೀಮೆಯಲ್ಲಿ ಜೀನಗಾರ, ಚಿತ್ರಗಾರ ಎಂಬ ಹೆಸರುಗಳಿಂದ ತಿಳಿದಿರುವ ಸಮುದಾಯಗಳು ಇವರ ಹತ್ತಿರದ ಬಂಧುಗಳು. ತಂಜಾವೂರಿನ ಮಾಲೆಗಳ ವಿಶೇಷವೆಂದರೆ ಅಲ್ಲಿ ಕಸುಬುದಾರ ಒಂಟಿಯಾಗಿ ನಿಲ್ಲುವುದಿಲ್ಲ, ಹೆಂಡತಿಯೊಡನೆ ನಿಲ್ಲುತ್ತಾನೆ. ಕುಂಬಾರನ ಪಕ್ಕದಲ್ಲಿ ಕುಂಬಾರಗಿತ್ತಿ, ಅಗಸನ ಪಕ್ಕದಲ್ಲಿ ಅಗಸಗಿತ್ತಿ. ಅನೇಕ ಹಾಳೆಗಳಲ್ಲಿ ಅವಳ ಕೈಯಲ್ಲಿಯೂ ಕೆಲಸದ ಒಂದು ವಸ್ತು. ಗಿರಾಕಿಗೆ ಇಲ್ಲಿ ಬೇಕಾಗಿದ್ದುದು ಇಬ್ಬರ ಉಡುಗೆ ತೊಡುಗೆ ಇರಬಹುದು. ಆದರೂ ಕ್ಯಾಂಟನ್ನಿನ ಬಹುಪಾಲು ಹಾಳೆಗಳಿಗೆ ಹೋಲಿಸಿದರೆ, ಮನೆಮಂದಿಯೆಲ್ಲ ಸೇರಿ ನಡೆಸುವುದೇ ಕಸುಬು ಎಂಬ ಈ ನೆಲದ ಸತ್ಯಕ್ಕೆ ತಂಜಾವೂರಿನ ಚಿತ್ರಗಾರ ಹೆಚ್ಚು ಹತ್ತಿರವಾಗಿದ್ದಾನೆ. ಕಾಗದ ಇಂಗ್ಲೆಂಡಿನದು, ಬಣ್ಣ ನೀರಿನದು, ಕಾಲಡಿಯ ನೆರಳು ಯುರೋಪಿನ ಪಾಠದ್ದು. ಮುಂದೆ ತಿರುಚಿರಾಪಳ್ಳಿಯಲ್ಲಿ ಇದೇ ಚಿತ್ರಗಳು ಕಾಗೆಬಂಗಾರದ, ಎಂದರೆ ಅಭ್ರಕದ, ತೆಳುಹಾಳೆಗಳ ಮೇಲೆ ಬಂದವು. ಕ್ಯಾಂಟನ್ನಿನ ಬೆಂಡಿನ ಹಾಳೆಯಂತೆ ಅವೂ ಅಗ್ಗ, ಮಿನುಗುವಂಥವು, ಬೇಗ ಕೆಡುವಂಥವು. 1837ರಲ್ಲಿ ಮದುರೆಯಲ್ಲಿ ತಯಾರಾದ ಒಂದು ಸಂಪುಟದಲ್ಲಿ ಎಪ್ಪತ್ತೆರಡು ಜಾತಿಗಳ ಚಿತ್ರಗಳಿವೆ, ಅದು ಅಮೆರಿಕದ ಪಾದ್ರಿಗಳ ಮೂಲಕ ಅವರ ದೇಶಕ್ಕೆ ಸಾಗಿತು.

ಎಪ್ಪತ್ತೆರಡೇ ಏಕೆ ಎಂಬ ಪ್ರಶ್ನೆಗೆ ಸಮಾಜದಲ್ಲಿ ಉತ್ತರ ಹುಡುಕುವುದು ವ್ಯರ್ಥ. ಚೀನೀಯರು ಮುನ್ನೂರ ಅರವತ್ತು ಕಸುಬುಗಳೆಂದು ಆಡುಮಾತಿನಲ್ಲಿ ಹೇಳುತ್ತಿದ್ದರು. ಮೈಸೂರು ಸೀಮೆಯಲ್ಲಿ ಬಲಗೈಯವರದು ಹದಿನೆಂಟು ಪಣ, ಎಡಗೈಯವರದು ಒಂಬತ್ತು ಪಣ ಎಂಬ ಲೆಕ್ಕವಿತ್ತು, ಪಣವೆಂದರೆ ಜಾತಿಕೂಟ. ಇವು ಎಣಿಸಿ ಬಂದ ಸಂಖ್ಯೆಗಳಲ್ಲ, ‘ಎಲ್ಲರೂ’ ಎನ್ನುವುದಕ್ಕೆ ರೂಢಿಯಾದ ಅಂಕಿಗಳು. ಸಂಪುಟ ಕಟ್ಟುವ ಅಂಗಡಿಗೆ ಇವು ಹೇಳಿ ಮಾಡಿಸಿದಂತಿದ್ದವು, ಏಕೆಂದರೆ ಅಂಕಿ ಮುಗಿದ ಕೂಡಲೇ ಒಂದು ದೇಶ ಪೂರ್ತಿ ತನ್ನ ಕೈಗೆ ಬಂದಿತೆಂಬ ಸಮಾಧಾನ ಗಿರಾಕಿಗೆ ಸಿಗುತ್ತಿತ್ತು.

ಇಂಥ ಚಿತ್ರಗಳನ್ನು ವಸಾಹತು ಆಳ್ವಿಕೆಯ ಉಪಕರಣವೆಂದು, ಆಳುವವನು ಆಳಿಸಿಕೊಳ್ಳುವವರನ್ನು ವಿಂಗಡಿಸಿ ಹದ್ದುಬಸ್ತಿನಲ್ಲಿಡುವ ದಾರಿಯೆಂದು ಓದುವುದು ಈಚಿನ ದಶಕಗಳಲ್ಲಿ ರೂಢಿಯಾಗಿದೆ. ಅದರಲ್ಲಿ ಹುರುಳಿಲ್ಲವೆನ್ನಲಾಗದು, ಆದರೆ ಕ್ಯಾಂಟನ್ನಿನ ಉದಾಹರಣೆ ಈ ವಾದಕ್ಕೆ ಅಡ್ಡಬರುತ್ತದೆ. ಪು ಕ್ವಾನ ಕಾಲದಲ್ಲಿ ಚೀನಾದ ಒಂದು ಗೇಣು ನೆಲವೂ ಇಂಗ್ಲಿಷರ ಆಳ್ವಿಕೆಯಲ್ಲಿರಲಿಲ್ಲ. ಆಳುವ ಮಾತಿರಲಿ, ಪರದೇಶಿಯು ಊರೊಳಗೆ ಹೋಗಲು ಅಪ್ಪಣೆಗಾಗಿ ಕಾಯಬೇಕಾದ ಸ್ಥಿತಿಯಲ್ಲಿದ್ದನು. ಆದರೂ ಚಿತ್ರ ಅದೇ: ಹೆಸರಿಲ್ಲದ ಕಸುಬುದಾರ, ಖಾಲಿ ಹಿನ್ನೆಲೆ, ಕೆಳಗೊಂದು ಕಸುಬಿನ ಹೆಸರು. ಆದ್ದರಿಂದ ಮನುಷ್ಯನನ್ನು ಮಾದರಿಯಾಗಿ ಇಳಿಸುವ ಕೆಲಸ ಆಳ್ವಿಕೆಗೆ ಮೊದಲೇ ಅಂಗಡಿಯಲ್ಲಿ ಆರಂಭವಾಗಿತ್ತು ಎನ್ನಬೇಕು. ಹಡಗಿನ ಪೆಟ್ಟಿಗೆಯಲ್ಲಿ ಹಿಡಿಯುವ, ಊರಲ್ಲಿ ನೆಂಟರ ಮುಂದೆ ಬಿಚ್ಚಿ ತೋರಿಸುವ, ವಿವರಣೆಯಿಲ್ಲದೆ ಅರ್ಥವಾಗುವ ಸರಕು ಬೇಕೆಂಬ ಬೇಡಿಕೆಯೇ ಅದರ ಮೊದಲ ಕಾರಣ. ಆಳ್ವಿಕೆ ಆಮೇಲೆ ಬಂದು, ಸಿದ್ಧವಾಗಿದ್ದ ಆ ಮಾದರಿಯನ್ನು ಕಚೇರಿಯ ಮೇಜಿನ ಮೇಲೆ ಎತ್ತಿಟ್ಟುಕೊಂಡಿತು. ಹಾಗೆ ಎತ್ತಿಟ್ಟುಕೊಂಡ ಗಳಿಗೆಯನ್ನು ಸ್ಪಷ್ಟವಾಗಿ ನೋಡಲು ಸಿಗುವ ಸ್ಥಳಗಳಲ್ಲಿ ಮೈಸೂರು ಸೀಮೆ ಮುಖ್ಯವಾದುದು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು, ಟಿಪ್ಪು ಸುಲ್ತಾನನ ರಾಜ್ಯ ಹಂಚಿಕೆಯಾಗಿ, ಉಳಿದ ಭಾಗಕ್ಕೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಅರಸನನ್ನಾಗಿಯೂ ಪೂರ್ಣಯ್ಯನವರನ್ನು ದಿವಾನರನ್ನಾಗಿಯೂ ಮಾಡಿದ ಬಳಿಕ, ಆ ಸೀಮೆಯ ಮೋಜಣಿಯನ್ನು ಕಂಪನಿ ಕಾಲಿನ್ ಮೆಕೆಂಜಿಗೆ ವಹಿಸಿತು. ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪವೊಂದರಲ್ಲಿ 1754ರಲ್ಲಿ ಹುಟ್ಟಿ 1783ರಲ್ಲಿ ಮದರಾಸಿಗೆ ಬಂದ ಈತ, ಕನ್ನಡಿಗರಿಗೆ ಮುಖ್ಯವಾಗಿ ಕೈಫಿಯತ್ತುಗಳ, ಎಂದರೆ ಊರೂರಿನ ಹಿರಿಯರ ಬಾಯಿಂದ ಬರೆಯಿಸಿಕೊಂಡ ಸ್ಥಳಚರಿತ್ರೆಗಳ, ಸಂಗ್ರಾಹಕನಾಗಿ ಗೊತ್ತು. ಅವನ ತಂಡದಲ್ಲಿ ಕಾವಲಿ ಸೋದರರಾದ ಬೋರಯ್ಯ, ಲಕ್ಷ್ಮಯ್ಯ ಮುಂತಾದ ವಿದ್ವಾಂಸರ ಜೊತೆಗೆ ನಕ್ಷೆ ಬರೆಯುವ ತರುಣರೂ ಇದ್ದರು. ಇವರಲ್ಲಿ ಹಲವರು 1794ರಲ್ಲಿ ಮದರಾಸಿನಲ್ಲಿ ತೆರೆದ ಮೋಜಣಿ ಶಾಲೆಯಲ್ಲಿ ಕಲಿತ, ಯುರೋಪಿನ ತಂದೆ ಮತ್ತು ಈ ನಾಡಿನ ತಾಯಂದಿರ ಮಕ್ಕಳು. ಬೆಟ್ಟ, ಕೋಟೆ, ಕೆರೆ, ಶಾಸನ, ಶಿಲ್ಪಗಳ ಜೊತೆಗೆ ಇವರು ಜನರನ್ನೂ ಬರೆದರು. 1800 ಮತ್ತು 1801ನೆಯ ವರ್ಷಗಳ ಹೆಸರು ಹೊತ್ತ, ಬಾಲಾಘಾಟ್ ಕರ್ನಾಟಕದ, ಎಂದರೆ ಘಟ್ಟದ ಮೇಲಿನ ಕನ್ನಡ ಸೀಮೆಯ ವೇಷಭೂಷಣಗಳ ಒಂದು ಸಂಪುಟ ಇಂದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ.

ಆ ಸಂಪುಟದ ಆಕೃತಿಗಳು ನಿಂತಿರುವ ಭಂಗಿ ತಂಜಾವೂರಿನ ಅಂಗಡಿಯಿಂದ ದೂರವಿಲ್ಲ; ಆದರೆ ಅದನ್ನು ಮಾಡಿಸಿದ ಉದ್ದೇಶ ಬೇರೆ. ಇದು ಮಾರಾಟಕ್ಕೆಂದು ಮಾಡಿದ ಸರಕಲ್ಲ, ನಕ್ಷೆ ಮತ್ತು ವರದಿಗಳ ಜೊತೆಯಲ್ಲಿ ಸಾಗಬೇಕಾದ ಕಾಗದ. ಮೆಕೆಂಜಿಯ ಮೋಜಣಿ ಸುಮಾರು ನಲವತ್ತು ಸಾವಿರ ಚದರ ಮೈಲಿ ಸೀಮೆಯನ್ನು ಅಳೆಯಿತು, ಮತ್ತು ಅಳತೆಯ ಜೊತೆಗೆ ಅಲ್ಲಿನ ಜನರ ಉಡುಗೆಯೂ ಒಂದು ಮಾಹಿತಿಯಾಗಿ ದಾಖಲಾಯಿತು. ಹಾಗೆಂದು ಮೆಕೆಂಜಿಯ ಚಿತ್ರಗಳಲ್ಲಿ ಮುಂದಿನ ಜನಗಣತಿಗಳ ಜಾತಿಪಟ್ಟಿಯ ಕ್ರಮವನ್ನು ಹುಡುಕುವುದು ಅವಸರವಾದೀತು. ಮೇಲು ಕೀಳುಗಳ ಏಣಿಯೊಂದನ್ನು ಜೋಡಿಸಿಡುವುದು ಅವನ ಮೊದಲ ಚಿಂತೆಯಾಗಿರಲಿಲ್ಲ. ಕುತೂಹಲ ಚದುರಿದ್ದು, ಮುಂಡಾಸಿನ ಸುತ್ತಿನ ಮೇಲೆ, ಕಂಬಳಿಯ ಕೊಪ್ಪೆಯ ಮೇಲೆ, ಆಯುಧದ ಹಿಡಿಯ ಮೇಲೆ ನಿಲ್ಲುತ್ತದೆ. ಅವನು ತನ್ನ ಸಹಾಯಕರನ್ನು ಹೆಸರಿಲ್ಲದ ಮಾದರಿಗಳಾಗಿ ಕಂಡವನೂ ಅಲ್ಲ. 1816ರಲ್ಲಿ ಥಾಮಸ್ ಹಿಕಿ ಬರೆದ ಭಾವಚಿತ್ರದಲ್ಲಿ ಕೆಂಪು ಅಂಗಿಯ ಮೆಕೆಂಜಿಯ ಸುತ್ತ ಅವನ ದೇಶೀ ಸಹಾಯಕರು ನಿಂತಿದ್ದಾರೆ, ಒಬ್ಬನ ಕೈಯಲ್ಲಿ ದೂರದರ್ಶಕವಿದೆ, ಹಿಂದೆ ದೂರದಲ್ಲಿ ಗೊಮ್ಮಟನ ಮೂರ್ತಿಯಿದೆ. ಅವರು ಯಾರೆಂಬುದನ್ನು ಚರಿತ್ರೆ ಗುರುತಿಸಿದೆ. ಅದೇ ತಂಡ ಬರೆದ ವೇಷಭೂಷಣಗಳ ಹಾಳೆಯಲ್ಲಿ ನಿಂತ ಕುರುಬನಿಗೋ ಜಂಗಮನಿಗೋ ಆ ಭಾಗ್ಯ ದೊರೆಯಲಿಲ್ಲ. 1821ರಲ್ಲಿ ಮೆಕೆಂಜಿ ತೀರಿಕೊಂಡ ಮೇಲೆ ಅವನ ಸಂಗ್ರಹವನ್ನು ಕಂಪನಿ ಅವನ ಹೆಂಡತಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು ಎಂಬುದನ್ನು ನೆನೆದರೆ, ಕಚೇರಿಯ ಕಾಗದವೂ ಕೊನೆಗೆ ಸರಕಾಯಿತೆನ್ನಬಹುದು.

ಮೆಕೆಂಜಿಯ ಮೋಜಣಿ ಆರಂಭವಾದ ದಿನಗಳಲ್ಲಿಯೇ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಮತ್ತು ಸಸ್ಯಶಾಸ್ತ್ರಜ್ಞ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದನು. ಅವನ ದಿನಚರಿ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಪಿರಿಯಾಪಟ್ಟಣ, ಹನಗೋಡು, ಹೆಗ್ಗಡದೇವನಕೋಟೆಗಳು ಅವನ ದಾರಿಯಲ್ಲಿದ್ದವು. ಕೊಡಗಿನ ಗಡಿಗೆ ಹತ್ತಿರವಾದ್ದರಿಂದ ಯುದ್ಧಗಳಲ್ಲಿ ಪದೇ ಪದೇ ಹಾಳಾಗಿದ್ದ ಪಿರಿಯಾಪಟ್ಟಣದ ಕೋಟೆಯೊಳಗೆ ಆಗ ಹುಲಿಗಳು ಸೇರಿಕೊಂಡಿದ್ದವೆಂದೂ ಹಗಲಲ್ಲಿಯೂ ಒಬ್ಬಂಟಿ ಒಳಹೋಗುವುದು ಅಪಾಯವೆಂದೂ ಅವನು ಬರೆದಿದ್ದಾನೆ. ಕಾಡಂಚಿನ ಹಳ್ಳಿಗಳಲ್ಲಿ ಕಾಡುಕುರುಬರು ಹೊಲದ ಬಳಿ ತಗ್ಗಾದ ಗುಡಿಸಲು ಹಾಕಿಕೊಂಡು, ರಾತ್ರಿ ಬಿದಿರಿನ ಪಂಜು ಹಿಡಿದು, ಬೆಳೆಗೆ ನುಗ್ಗುವ ಆನೆಗಳನ್ನು ಓಡಿಸುತ್ತಿದ್ದುದನ್ನು ವಿವರಿಸಿದ್ದಾನೆ. ಈ ಕೆಲಸಕ್ಕೆ ಅಂಗಡಿಯ ಸಂಪುಟದಲ್ಲಿ ಜಾಗ ಸಿಗುವುದು ಕಷ್ಟ. ಪಂಜು ಹಿಡಿದ ಮನುಷ್ಯನನ್ನು ಬರೆಯಬಹುದು. ಅವನು ಯಾರ ಹೊಲವನ್ನು ಕಾಯುತ್ತಿದ್ದಾನೆ, ಕೂಲಿ ಯಾರು ಕೊಡುತ್ತಾರೆ, ಇರುಳೆಲ್ಲ ಎಷ್ಟು ಹೊತ್ತು ಎಚ್ಚರವಿರಬೇಕು ಎಂಬುದನ್ನು ಬರೆಯಲಾಗದು.

ಬುಕನನ್ನನ ಪುಸ್ತಕದಲ್ಲಿಯೂ ಚಿತ್ರಫಲಕಗಳಿವೆ, ಮತ್ತು ಅವು ಕಸುಬಿನ ಚಿತ್ರಗಳಿಗೆ ನೇರ ವಿರುದ್ಧವಾದವು ಎಂಬುದು ಗಮನಿಸಬೇಕಾದ ಸಂಗತಿ. ಬೇಸಾಯದ ಉಪಕರಣಗಳನ್ನು ಅವನು ಭಾಗಭಾಗವಾಗಿ, ಯಂತ್ರಗಳ ನಕ್ಷೆಯಂತೆ, ಹಿಡಿದವನಿಲ್ಲದೆ ಕೊರೆಸಿದನು. ತಂಜಾವೂರಿನ ಹಾಳೆಯಲ್ಲಿ ಒಕ್ಕಲಿಗನ ಹೆಗಲ ಮೇಲಿನ ನೇಗಿಲು ಒಂದು ಲಾಂಛನ ಮಾತ್ರ, ಅದರಿಂದ ನೇಗಿಲು ಕಟ್ಟಲು ಬಡಗಿಗೆ ಬರುವುದಿಲ್ಲ. ಬುಕನನ್ನನ ಫಲಕವನ್ನು ನೋಡಿ ಕಟ್ಟಬಹುದು, ಆದರೆ ಉಳುವವನ ಮುಖ ಅಲ್ಲಿಲ್ಲ. ಒಂದೇ ಕಾಲದಲ್ಲಿ ದಕ್ಷಿಣ ಭಾರತದ ಕೆಲಸವನ್ನು ಚಿತ್ರಗಾರನೂ ಬುಕನನ್ನನೂ ಎರಡು ತುಂಡು ಮಾಡಿಕೊಂಡು ಹೋದರು.

ಕೃಷ್ಣರಾಜನಗರದ ಭೇರ್ಯದಂಥ ಊರುಗಳ ಸುತ್ತಿನ ಕಾವೇರಿ ಬಯಲಿನಲ್ಲಿ, ಮತ್ತು ಹುಣಸೂರು, ಪಿರಿಯಾಪಟ್ಟಣಗಳ ಕಡೆಯ ಬೆದ್ದಲು ಸೀಮೆಯಲ್ಲಿ, ಆ ಕಾಲದ ಕಸುಬು ಹೆಚ್ಚಾಗಿ ಬೀದಿಯದಾಗಿರಲಿಲ್ಲ. ಸಂತೆಗೆ ಬರುವ ಬಳೆಗಾರ, ಕಲಾಯಿಗಾರ, ಊರೂರು ಸುತ್ತುವ ಮೇದ ಮುಂತಾದವರನ್ನು ಬಿಟ್ಟರೆ, ಊರಿನ ಬದುಕು ನಿಂತಿದ್ದುದು ಆಯಗಾರರ ಮೇಲೆ. ಆಯವೆಂದರೆ ಬೆಳೆಯಲ್ಲಿ ಸಲ್ಲಬೇಕಾದ ಪಾಲು. ಅದನ್ನು ಪಡೆದು ಊರಿಗೆ ವರ್ಷವಿಡೀ ಕೆಲಸ ಮಾಡುವವರು ಆಯಗಾರರು. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಮೈಸೂರಿನ ಚರಿತ್ರೆಯ ಮೊದಲ ಸಂಪುಟದಲ್ಲಿ ಇವರನ್ನು ಹನ್ನೆರಡು ಮಂದಿಯೆಂದು ಪಟ್ಟಿ ಮಾಡಿದ್ದಾನೆ: ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ, ಅಕ್ಕಸಾಲೆ. ಕಮ್ಮಾರ ಒಂದೊಂದು ಕುಳಕ್ಕೂ ಕಾಸು ಕೇಳುತ್ತಿರಲಿಲ್ಲ, ಕ್ಷೌರಿಕ ಒಂದೊಂದು ತಲೆಗೂ ಲೆಕ್ಕ ಇಡುತ್ತಿರಲಿಲ್ಲ; ಸುಗ್ಗಿಯಲ್ಲಿ ಕಣಕ್ಕೆ ಬಂದು ಮನೆಮನೆಯಿಂದ ತಮಗೆ ಸಲ್ಲಬೇಕಾದ ಕಂತೆಯನ್ನೋ ಕೊಳಗದ ಲೆಕ್ಕದ ಕಾಳನ್ನೋ ಪಡೆಯುತ್ತಿದ್ದರು. ಹಡದೆ, ಕೆಲವು ಕಡೆ ಅಡದೆ, ಎಂದು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಕರೆಯುತ್ತಿದ್ದ ಈ ಏರ್ಪಾಡು ಎಷ್ಟು ಗಟ್ಟಿಯಾಗಿತ್ತೆಂದರೆ, 1948ರಲ್ಲಿ ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅದನ್ನು ಜೀವಂತವಾಗಿ ಕಂಡರು.

ಕಸುಬಿನ ಸಂಪುಟ ಸೋಲುವುದು ಇಲ್ಲಿಯೇ. ನೀರಗಂಟಿಯನ್ನು ಉದಾಹರಣೆಗೆ ತೆಗೆದುಕೊಂಡರೆ, ಹೆಗಲ ಮೇಲೊಂದು ಗುದ್ದಲಿ ಹೊತ್ತ ಮನುಷ್ಯನಾಗಿ ಅವನನ್ನು ಬರೆದರೆ ಅವನಿಗೂ ಮಣ್ಣುಕೆಲಸದ ಕೂಲಿಯವನಿಗೂ ವ್ಯತ್ಯಾಸ ಉಳಿಯದು. ಕೆರೆಯ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಮೊದಲು, ಬರಗಾಲದಲ್ಲಿ ಯಾರಿಗೆ ಎಷ್ಟು ಎಂಬ ನಿರ್ಧಾರವೇ ಅವನ ಕಸುಬು. ಸಲಕರಣೆ ಅದಕ್ಕೆ ತೀರ ಸಣ್ಣ ಗುರುತು. ತೋಟಿ, ತಳವಾರರ ಕೆಲಸವೂ ಹಾಗೆಯೇ, ಮತ್ತು ಊರಿಗೆ ಅಗತ್ಯವಾದ ಕೆಲಸಗಳನ್ನು ಮಾಡಿಯೂ ಊರ ಹೊರಗೆ ಇರಬೇಕಾದವರ ನೋವು ಚಿತ್ರದ ಅಂದವಾದ ಬಣ್ಣದಲ್ಲಿ ಪೂರ್ತಿ ಅಳಿಸಿಹೋಗುತ್ತದೆ. ಅಲ್ಲಿ ಎಲ್ಲರೂ ಒಂದೇ ಅಳತೆಯ ಹಾಳೆಯಲ್ಲಿ, ಒಂದೇ ಎತ್ತರಕ್ಕೆ, ಹಬ್ಬದ ಉಡುಪಿನಲ್ಲಿ ನಿಂತಿದ್ದಾರೆ. ಆಯದ ವ್ಯವಸ್ಥೆಯನ್ನು ಒಂದು ಸಾಮರಸ್ಯದ ಕತೆಯಾಗಿ ಹೇಳುವವರಿಗೆ ಈ ಚಿತ್ರಗಳು ಹಿಡಿಸಿದ್ದರೆ ಆಶ್ಚರ್ಯವಿಲ್ಲ. ವಿಲ್ಕ್ಸ್ ಪ್ರತಿಯೊಂದು ಹಳ್ಳಿಯೂ ತನ್ನಷ್ಟಕ್ಕೆ ತಾನೊಂದು ಗಣರಾಜ್ಯವೆಂದು ಬಣ್ಣಿಸಿದ್ದು ಇದೇ ನೋಟದ ಗದ್ಯರೂಪ.

ಹುಣಸೂರಿನಲ್ಲಿ ಬೇರೊಂದು ಬಗೆಯ ಕೆಲಸವೂ ಬೆಳೆಯಿತು. ಅಮೃತಮಹಲ್ ದನಗಳ ತಳಿಸಾಕಣೆಯ ಕೇಂದ್ರವಾಗಿದ್ದ ಆ ಊರಿನಲ್ಲಿ ಕಂಪನಿಯ ಸೈನ್ಯದ ಸರಬರಾಜು ಇಲಾಖೆ ಚರ್ಮ ಹದಮಾಡುವ ಕಾರ್ಖಾನೆಯನ್ನೂ ಕಂಬಳಿಯ ಕಾರ್ಖಾನೆಯನ್ನೂ ನಡೆಸಿತು. 1860ರ ದಶಕದಲ್ಲಿ ಅವು ಮುಚ್ಚಿದವು. ಅಲ್ಲಿ ಕೂಲಿಗೆ ತೊಗಲು ಹದಮಾಡಿದವನು ಬೂಟು ತೊಟ್ಟ ಸಿಪಾಯಿಯ ಕಾಲನ್ನು ಕಾಣದಿದ್ದರೂ ಅವನ ಕೆಲಸ ಬಹು ದೂರ ಹೋಯಿತು. ಒಬ್ಬ, ಒಂದು ಸಲಕರಣೆ, ಒಂದು ಹಾಳೆ ಎಂಬ ಸೂತ್ರಕ್ಕೆ ಇಂಥ ಕಾರ್ಖಾನೆ ಒಗ್ಗುವಂಥದಲ್ಲ.

ಕಸುಬನ್ನು ಹೆಸರಿನ ಜೊತೆಗೆ ಹೊತ್ತು ನಿಲ್ಲುವ ಬೇರೊಂದು ಕ್ರಮ ಕನ್ನಡದಲ್ಲಿ ಆರುನೂರು ವರ್ಷ ಮೊದಲೇ ಇತ್ತೆಂಬುದನ್ನು ಇಲ್ಲಿ ನೆನೆಯುವುದು ತಕ್ಕದ್ದು. ಹನ್ನೆರಡನೆಯ ಶತಮಾನದ ಶರಣರು ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಎಂದು ಕರೆಯಿಸಿಕೊಂಡರು. ಕಸುಬು ಮೊದಲು, ಹೆಸರು ಆಮೇಲೆ, ಎರಡೂ ಬಿಡದೆ. ಮೇಲಾಗಿ ಕಸುಬಿನ ಕುರಿತು ಮಾತಾಡುವವರು ಅವರೇ, ತಮ್ಮ ತಮ್ಮ ಅಂಕಿತಗಳಲ್ಲಿ, ಮತ್ತು ಕೆಲಸದ ಒಳಗಿನ ಸಂಗತಿಗಳನ್ನು ಬಳಸಿಕೊಂಡು ಜಗಳವಾಡುವುದೂ ಉಂಟು. ಕ್ಯಾಂಟನ್ನಿನ, ತಂಜಾವೂರಿನ ಹಾಳೆಗಳಲ್ಲಿ ಕಸುಬುದಾರನಿಗೆ ಇಲ್ಲದಿರುವುದು ಈ ಬಾಯಿ. ಎರಡು ಭಿನ್ನ ಕಾಲದ, ಭಿನ್ನ ಮಾಧ್ಯಮದ ರಚನೆಗಳನ್ನು ಹೀಗೆ ಎದುರುಬದುರು ನಿಲ್ಲಿಸುವುದು ಪೂರ್ತಿ ನ್ಯಾಯವಲ್ಲವೆಂಬುದು ನಿಜ. ಆದರೆ ಕಸುಬುದಾರ ಮೂಕನಾಗಿರುವುದು ಚಿತ್ರಕಲೆಯ ಮಿತಿಯಷ್ಟೇ ಅಲ್ಲ, ಕೊಳ್ಳುವವನ ಆಯ್ಕೆಯೂ ಹೌದೆಂಬುದನ್ನು ತೋರಿಸಲು ಇಷ್ಟು ಸಾಕು.

ಮೈಸೂರಿನ ಚಿತ್ರಗಾರರು ತಂಜಾವೂರಿನವರಂತೆ ಈ ವ್ಯಾಪಾರದಲ್ಲಿ ಹೆಸರು ಮಾಡದಿದ್ದುದಕ್ಕೆ ಅವರಿಗೆ ಅರಮನೆಯ ಆಶ್ರಯವಿತ್ತೆಂಬ ಕಾರಣವನ್ನು ಕೊಡುವುದುಂಟು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯ ದೊಡ್ಡದೇ: ದೇವತೆಗಳ ಧ್ಯಾನಶ್ಲೋಕಗಳಿಗೆ ಚಿತ್ರ ಬರೆಯಿಸಿದ ಶ್ರೀತತ್ತ್ವನಿಧಿ, ಗಂಜೀಫದ ಎಲೆಗಳು, 1861ರ ಜಗನ್ಮೋಹನ ಅರಮನೆಯ ಗೋಡೆಗಳ ದಸರಾ ಮೆರವಣಿಗೆ, ವಂಶವೃಕ್ಷವನ್ನು ತಾವರೆಯ ರೂಪದಲ್ಲಿ ತೋರಿಸುವ ಸಂತಾನಾಂಬುಜ. ಆದರೆ ಈ ಕಾರಣ ನಿಲ್ಲುವುದಿಲ್ಲ, ಏಕೆಂದರೆ ತಂಜಾವೂರಿನಲ್ಲಿ ಎರಡನೆಯ ಸರ್ಫೋಜಿಯೂ 1832ರವರೆಗೆ ಕಲೆಗಳಿಗೆ ದೊಡ್ಡ ಆಶ್ರಯದಾತನಾಗಿಯೇ ಇದ್ದನು, ಆದರೂ ಅಲ್ಲಿನ ಅಂಗಡಿಗಳು ಬೆಳೆದವು. ಗಿರಾಕಿ ಎಲ್ಲಿದ್ದನೆಂಬುದು ಇದಕ್ಕಿಂತ ನಂಬತಕ್ಕ ಕಾರಣ. ಕಂಪನಿಯ ದಂಡು 1809ರಲ್ಲಿ ಶ್ರೀರಂಗಪಟ್ಟಣದ ಜ್ವರದ ಹವೆಯನ್ನು ಬಿಟ್ಟು ಬೆಂಗಳೂರಿಗೆ ಸರಿದ ಮೇಲೆ ಮೈಸೂರಿನ ಸುತ್ತ ಚಿತ್ರ ಕೊಳ್ಳುವ ಯುರೋಪಿನವರ ಗುಂಪು ತೆಳುವಾಯಿತು; ಅವರಲ್ಲಿ ಹೆಚ್ಚಿನವರು ಹಡಗು ಹತ್ತುವ ಮೊದಲು ಹೇಗೂ ಮದರಾಸನ್ನು ಹಾಯಬೇಕಾಗಿತ್ತು, ಅಲ್ಲಿ ಸಿದ್ಧ ಸಂಪುಟಗಳು ದೊರೆಯುತ್ತಿದ್ದವು.

ನಕಲು ಮಾಡುವ ಚಟ ಚಿತ್ರಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. ಮೈಸೂರು ಸೀಮೆಯಲ್ಲಿ ಬಹುಕಾಲವಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಹಿಂದೂ ಆಚಾರ ವ್ಯವಹಾರಗಳ ಕುರಿತು ಬರೆದ ಹಸ್ತಪ್ರತಿಯನ್ನು, ವಿಲ್ಕ್ಸನ ಶಿಫಾರಸಿನ ಮೇಲೆ, ಮದರಾಸು ಸರ್ಕಾರ ಎರಡು ಸಾವಿರ ಪಗೋಡಕ್ಕೆ ಕೊಂಡಿತು, ಮತ್ತು 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಬಹುಭಾಗ ಹಿಂದಿನ ತಲೆಮಾರಿನ ಜೆಸುಯಿಟ್ ಪಾದ್ರಿ ಕೂರ್ದೂನ ಬರಹದಿಂದ ಎತ್ತಿದ್ದೆಂದು ಸಿಲ್ವಿಯಾ ಮುರ್ ಎಂಬ ವಿದ್ವಾಂಸೆ ಇಪ್ಪತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟರು. ಕ್ಯಾಂಟನ್ನಿನ ಅಟ್ಟದ ಮೇಲೆ ಕೂತು ಒಂದೇ ಕ್ಷೌರಿಕನನ್ನು ನೂರು ಸಲ ಬರೆದವನನ್ನು ಬರಿಯ ನಕಲುಗಾರನೆಂದು ಹೀಗಳೆದ ಯುರೋಪಿನ ಓದುಗ, ಈ ಪುಸ್ತಕವನ್ನು ಕಣ್ಣಾರೆ ಕಂಡವನ ಮಾತೆಂದು ಒಂದೂವರೆ ಶತಮಾನ ನಂಬಿದನು.

ಛಾಯಾಚಿತ್ರ ಬಂದ ಮೇಲೆ ಬಣ್ಣದ ಸಂಪುಟಗಳ ವ್ಯಾಪಾರ ಕುಸಿಯಿತು, ಆದರೆ ಭಂಗಿ ಉಳಿಯಿತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ಭಾರತದ ಜನರ ಛಾಯಾಚಿತ್ರಗಳಲ್ಲಿಯೂ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸು ಮತ್ತು ಬೆಂಗಳೂರಿನ ಅಂಗಡಿಗಳು ಮಾರಿದ ಅಂಚೆ ಕಾರ್ಡುಗಳಲ್ಲಿಯೂ ಅಗಸ, ಕ್ಷೌರಿಕ, ಬಳೆಗಾರರು ಎದುರುಮುಖವಾಗಿ, ಸಲಕರಣೆ ಹಿಡಿದು, ಅಲುಗದೆ ನಿಂತಿದ್ದಾರೆ. ಆ ಕಾಲದ ಛಾಯಾಚಿತ್ರಕ್ಕೆ ಅಲುಗದೆ ನಿಲ್ಲುವುದು ತಾಂತ್ರಿಕ ಅಗತ್ಯವೂ ಆಗಿದ್ದುದರಿಂದ ಹಳೆಯ ಭಂಗಿ ಹೊಸ ಕಾರಣದಿಂದ ಗಟ್ಟಿಯಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿ ಎಚ್. ವಿ. ನಂಜುಂಡಯ್ಯನವರು ಆರಂಭಿಸಿ, 1920ರಲ್ಲಿ ಅವರು ತೀರಿಕೊಂಡ ಮೇಲೆ ಎಲ್. ಕೆ. ಅನಂತಕೃಷ್ಣ ಅಯ್ಯರ್ ಪೂರೈಸಿ, 1928ರಿಂದ 1935ರ ನಡುವೆ ನಾಲ್ಕು ಸಂಪುಟಗಳಲ್ಲಿ ವಿಶ್ವವಿದ್ಯಾನಿಲಯ ಪ್ರಕಟಿಸಿದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಗ್ರಂಥ ಈ ಪರಂಪರೆಯ ಕೊನೆಯ ದೊಡ್ಡ ಕೆಲಸ. ಅದರ ವಿವರಣೆಯಲ್ಲಿ ಮದುವೆ, ಸಾವು, ದೇವರು, ಪಂಚಾಯಿತಿಗಳ ವಿಷಯವಾಗಿ ಸಂಪುಟಗಟ್ಟಲೆ ಮಾಹಿತಿಯಿದೆ; ಕೆಲಸ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಹೋಲಿಕೆಯಲ್ಲಿ ಸಿಕ್ಕಿದ ಪುಟ ಕಡಿಮೆ, ಏಕೆಂದರೆ ಅಷ್ಟು ಹೊತ್ತಿಗೆ ಪ್ರಶ್ನೆ ಕಸುಬಿನಿಂದ ಜಾತಿಗೆ ತಿರುಗಿಯಾಗಿತ್ತು.

ಉಪಕರಣಗಳ ಕಡೆಗೆ ಮತ್ತೆ ಗಮನ ಹರಿದುದು 1960ರ ದಶಕದಲ್ಲಿ, ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾದಾಗ. ಜೀ. ಶಂ. ಪರಮಶಿವಯ್ಯನವರು ಮತ್ತು ಸ್ವತಃ ಚಿತ್ರಕಾರರಾಗಿದ್ದ ಪಿ. ಆರ್. ತಿಪ್ಪೇಸ್ವಾಮಿಯವರು ಹಳ್ಳಿ ಹಳ್ಳಿ ಸುತ್ತಿ ನೇಗಿಲು, ಕೊಳಗ, ಒನಕೆ, ಬಳ್ಳ, ಗಾಡಿಯ ಭಾಗಗಳನ್ನು ಕೂಡಿಸಿದರು. ಹಳೆಯ ಸಂಪುಟದ ಹಾಳೆಯೊಂದನ್ನು ಈ ವಸ್ತುಗಳ ಪಕ್ಕದಲ್ಲಿಟ್ಟು ನೋಡುವವನಿಗೆ ಚಿತ್ರಗಾರ ಕಣ್ಣಳತೆಯಲ್ಲಿ ಎಲ್ಲಿ ನಿಜ ಹೇಳಿದ್ದಾನೆ, ಎಲ್ಲಿ ಹಾಳೆಯ ಅಂದಕ್ಕಾಗಿ ಹಿಡಿಯನ್ನು ಗಿಡ್ಡಗೊಳಿಸಿದ್ದಾನೆ, ಎಲ್ಲಿ ತಂಜಾವೂರಿನ ಸಲಕರಣೆಯನ್ನು ಮೈಸೂರಿನವನ ಕೈಗೆ ಕೊಟ್ಟಿದ್ದಾನೆ ಎಂಬುದನ್ನು ಅಳೆದು ಹೇಳುವುದು ಸಾಧ್ಯವಿದೆ. ಬ್ರಿಟಿಷ್ ಗ್ರಂಥಾಲಯದ ಬಾಲಾಘಾಟ್ ಸಂಪುಟವನ್ನು ಕನ್ನಡದ ವಿದ್ವಾಂಸರು ಈ ಬಗೆಯಲ್ಲಿ ಹಾಳೆ ಹಾಳೆಯಾಗಿ ಓದಿದರೆ, ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದ ಕಸುಬಿನ ಹೆಸರುಗಳಲ್ಲಿ ಎಷ್ಟನ್ನು ನಂಬಬಹುದೆಂಬುದೂ ಗೊತ್ತಾದೀತು.